ಬಲಗಡೆ ದವಡಿ

ಬೈಲಹೊಂಗಲದ ಪ್ಯಾಟ್ಯಾಗ
ತಂಗೆವ್ವ ಅಂದ್ರ ಯಾರಿಗೂ ಗೊತ್ತಾಗೂದಿಲ್ಲ.
ಹಲ್ಲಿನವ್ವ ಅನ್ರಿ,
ಹಮಾಲರ ಹುಡುಗರು ಕರಕೊಂಡ ಬಂದು ಮುಂದ ನಿಲ್ಲಸತಾರ.

ಮೊದಲ ನಾ ಸಾಣಗಿ ಹಿಡದಾಕಿ.
ರಾಚಪ್ಪ ಸಾವಕಾರನ ಅಡತಿ ಅಂಗಡಿ ಮುಂದ
ಸೋಯಾಬೀನ ಸುರುವಿ, ಹೊಟ್ಟು ತೂರಿ,
ಕಡ್ಡಿ, ಹೆಂಟಿ, ಒಮ್ಮೊಮ್ಮೆ ಯಾರದೋ ಕಿವಿ ಓಲೆ.
ಕಡಿಯೋದು ಆಂವಂದ ಕೆಲಸ ಆಗಿತ್ತು.
ಮೊಣಕೈತನಕ ಕೈ ಚೀಲದಾಗ ಇಳಿಸಿ
ತಳದ ಕಾಳು ಒಂದು ಮ್ಯಾಲೆ ತಂದು
ಕಣ್ಣು ಮುಚ್ಚಿ ಹಲ್ಲಿಗೆ ಕೊಡತಿದ್ದ.

ಕಟಕ್ ಅಂದ್ರ ಒಣಾ.
ಮೆತ್ತಗ ಚಪ್ಪಟಿ ಆದ್ರ ಹಸಿ.
ನಡುವ ಇನ್ನೊಂದು ಸಪ್ಪಳ ಐತಿ,
ಅದಕ್ಕ ಹೆಸರಿಲ್ಲ,
ದರ ಇರೂದು ಅದರಾಗ.

ಅರವತ್ತೆಂಟಕ್ಕ ಆಂವನ ಹಲ್ಲು ಹೋದುವು.
ಕಟ್ಟಿಸಿಕೊಂಡ ಹಲ್ಲಿಗೆ ಎಲ್ಲಾ ಕಾಳೂ ಒಂದೇ.
ದೀವಳಗಿ ಹಿಂದಿನ ದಿನ ನನ್ನ ಸಾಣಗಿ ಬದಿಗಿಡಿಸಿ
"ಬಾಯಿ ತಗಿ ತಂಗೆವ್ವಾ" ಅಂದ.
ದನದ ಸಂತ್ಯಾಗ ನೋಡಿದಂಗ ನೋಡಿ
"ಬಲಗಡೆ ದವಡಿ ಚಲೋ ಐತಿ. ನಾಳಿಂದ ನೀನ ಕಡಿ."

ಹಸರು ಕಾಳು ಎಣ್ಣಿಗೆ ಬಣ್ಣ ಬಿಡತೈತಿ ಅಂದ,
ಸುಕ್ಕಿಂದು ತೂಕದಾಗ ಸುಳ್ಳ ಹೇಳತೈತಿ,
ಮಳಿ ಹೊಡದ ಕರಿ ಮಾರಿದು ಹಿಂಡಿಯೊಳಗೂ ನಾರತೈತಿ.
ಎಲ್ಲಾಕಿಂತ ಕಳ್ಳ ಅಂದ್ರ ಹಸೀದು,
ನೋಡಾಕ ದುಂಡಗ, ಹಳದಿ, ಅರಿಷಿಣ ಹಚ್ಚಿದ ಮದಲಗಿತ್ತಿ.
ಲಾರಿ ಏರಿದ ಮ್ಯಾಲೆ ಬೆವರತೈತಿ,
ಮಗ್ಗಲ ಇದ್ದ ಒಣಾ ಚೀಲಾನೂ ಬೆವರಸತೈತಿ.
ಸಾಂಗ್ಲಿ ಗಿರಣ್ಯಾಂವ ಒಮ್ಮೆ ತಾಡಪಾಲ ಸರಿಸಿ
ಮೂಗು ಹಿಡದು ಇಡೀ ಲಾರಿ ತಿರುಗಿ ಕಳಸಿದ್ನಂತ.
"ಅವತ್ತು ರಾತ್ರಿ ನಾ ಈ ಕಟ್ಟಿ ಮ್ಯಾಲೆ..." ಅಂದು
ಎಲಿಗೆ ಸುಣ್ಣ ಹಚ್ಚಿಕೋತ ಸುಮ್ಮನಾದ.

ಈಗ ಮಷೀನ ಬಂದೈತಿ.
ಹನ್ನೆರಡರ ಒಳಗಿದ್ರ ಪಾಸು.
ಸಂಗಮೇಶ ಬಟ್ಟಲಾ ತುಂಬಿ ಗುಂಡಿ ಒತ್ತೂದ್ರಾಗ
ನಾ ಕಡದು "ಹದಿಮೂರೂವರಿ" ಅಂತೀನಿ.
ಅದು ಇಷ್ಟೊತ್ತು ವಿಚಾರ ಮಾಡಿ
ಹದಿಮೂರು ಪಾಯಿಂಟ ನಾಕು ಅಂತೈತಿ.
"ಅದಕ್ಕ ಶೆಲ್ಲ ಬೇಕು, ಈಕಿಗೆ ಬರೇ ಚಾ"
ಅಂತ ದಸ್ತಗೀರ ಬೆನ್ನಮ್ಯಾಲಿನ ಚೀಲ ಅಲುಗೂಹಂಗ ನಗತಾನ.

ಹ್ವಾದ ವರ್ಷ ಸೀಗಿ ಹುಣ್ಣಿವಿಗೆ ಮಳಿ ಹಿಡಕೊಂಡಿತ್ತು.
ಸಂಪಗಾಂವದಿಂದ ನನ್ನ ನಾದಿನಿ ಸಾತವ್ವ
ಇಪ್ಪತ್ತೊಂದು ಚೀಲ ಹೇರಿಕೊಂಡು ಬಂದಳು.
ಡ್ರೈವರಗ ಹೇಳಾಕತ್ತಿದ್ದು ನನಗ ಕೇಳಿಸ್ತು:
"ನಮ್ಮ ವೈನಿ ಅದಾಳ ಅಲ್ಲೆ."

ಕಡದೆ.
ಸಪ್ಪಳಿಲ್ಲ.
ಬ್ಯಾರೆ ಚೀಲದ್ದು ಕಡದೆ,
ತೊಟ್ಟಲದ ಕೂಸಿನಂಗ ನಾಲಿಗಿ ಮ್ಯಾಲೆ ಮಲಗಿಬಿಡ್ತು.
ಸಾವಕಾರ ನನ್ನ ಬಾಯಿ ನೋಡಿದ,
ಆಕಿ ನನ್ನ ಕಣ್ಣು ನೋಡಿದಳು.
ಸಂಗಮೇಶ ಚಾ ಕುಡಿಯಾಕ ಹೋಗಿದ್ದ.

"ಹಸಿ" ಅಂದೆ.

ಎರಡು ದಿನ ಡಾಂಬರ ರಸ್ತಾದ ಮ್ಯಾಲೆ ಹರವಿ
ಹೋಗೋ ಬರೋ ಮೋಟಾರಿಗೆ ಕೈ ಮುಗಕೋತ ಒಣಗಿಸಿದಳು.
ಮೂರನೇ ದಿನ ಪಾಸಾತು.
ಮೂರನೇ ದಿನ ದರ ಇನ್ನೂರಾ ಹತ್ತು ಬಿದ್ದಿತ್ತು.
ಈ ಪಂಚಮಿಗೆ ಆಕಿ ಮನಿಯಿಂದ ಉಂಡಿ ಬರಲಿಲ್ಲ.
ನಾನೂ ಕಳಸಲಿಲ್ಲ.

ಇವತ್ತು ಚುಮುಚುಮು ಬೆಳಕಿನ್ಯಾಗ ಹೊಸ್ತಿಲ ಹೊರಗ ಸಾತವ್ವ.
ಒಳಗ ಬಾ ಅಂದ್ರ ಬರಲಿಲ್ಲ, ನೀರು ಒಲ್ಲೆ ಅಂದಳು.
ಸೆರಗಿನ ಗಂಟು ಬಿಚ್ಚಿ
ನಿನ್ನೆ ರಾಶಿ ಮಾಡಿದ್ದು ಒಂದು ಹಿಡಿ ಮುಂದ ಹಿಡದು
"ಕಡಿ" ಅಂದಳು.
"ಹೇರೂಕಿಂತ ಮೊದಲ ಹೇಳಿಬಿಡು."

ಬ್ಯಾಸಗಿಯಿಂದ ನನ್ನ ದವಡಿ ಮಿಡುಕತೈತಿ,
ಸಾವಕಾರಗ ಹೇಳಿಲ್ಲ,
ರೊಟ್ಟಿ ಎಡಗಡೆ ತಿಂತೀನಿ.
ಕಾಳು ಬಲಗಡೆ ಇಟ್ಟೆ.

ಕಟಕ್.

ಸಾತವ್ವ ಸೆರಗಿಲೆ ಮಾರಿ ಒರಸಿಕೊಂಡು
"ಈಗ ನೀರು ಕೊಡು" ಅಂದಳು.
ನಾ ಹೊಳ್ಳಿ ನಿಂತು
ಒಡದದ್ದು ಕಾಳೋ ಹಲ್ಲೋ
ನಾಲಿಗಿಲೆ ಹುಡಕಾಕತ್ತೀನಿ.